ಕಾಶಿ ಕಣಗಿಲೆಯ ಎಲೆಯೂ ರಕ್ತದ ಅರ್ಬುದ ರೋಗವೂ

ಕಾಶಿ ಕಣಗಿಲೆ ಎಂಬ ಗಿಡವನ್ನು ನೋಡದ ಗ್ರಾಮಸ್ಥರು ನಮ್ಮ ನಾಡಿನಲ್ಲಿ ವಿರಳ. ಗುಡಿಯ ಅಂಗಳ, ಬಾವಿಯ ಕಟ್ಟೆ, ಸ್ಮಶಾನದ ಬೇಲಿ, ಹಾಳುಗೋಡೆಯ ಬುಡ, ಹೀಗೆ ಬೀಜ ಬಿದ್ದ ಕಡೆಯಲ್ಲೆಲ್ಲಾ ತಾನಾಗಿ ಹುಟ್ಟಿ, ನೀರು ಗೊಬ್ಬರಗಳ ಹಂಗಿಲ್ಲದೆ ಎರಡು ಮೂರು ಅಡಿಗಳೆತ್ತರಕ್ಕೆ ಬೆಳೆದು, ವರ್ಷದ ಹನ್ನೆರಡು ತಿಂಗಳೂ ಬಿಳಿಯ ಅಥವಾ ನಸುಗೆಂಪು ಹೂವುಗಳನ್ನು ಬಿಡುತ್ತಿರುವುದು. ಆದಕಾರಣವೇ ಇದಕ್ಕೆ ನಿತ್ಯಪುಷ್ಪ, ಸದಾಪುಷ್ಪ ಎಂಬ ಹೆಸರುಗಳೂ ಬಂದಿವೆ. ದನಗಳು ಇದನ್ನು ಮೂಸಿ ಬಿಟ್ಟುಹೋಗುವುವು. ಆದುದರಿಂದ ಒಕ್ಕಲಿಗರು ಇದನ್ನು ಪ್ರಯೋಜನವಿಲ್ಲದ ಗಿಡವೆಂದು ಎಣಿಸುವುದು ಸಹಜವೇ ಆಗಿದೆ. ಇಂತಹ ಗಿಡದ ಎಲೆಯಿಂದ ದೊರೆಯುವ ಎರಡು ವಸ್ತುಗಳು ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರಪಂಚದ ಆಸ್ಪತ್ರೆಗಳಲ್ಲಿ ಅರ್ಬುದ ರೋಗಗಳಿಗೆ ಔಷಧಗಳಾಗಿ ಉಪಯೋಗಿಸಲ್ಪಡುತ್ತಿವೆ. ಅವುಗಳಲ್ಲಿ ವಿನ್‌ಕ್ರಿಸ್ಟಿನ್ ಎಂಬುದು ಮಕ್ಕಳಿಗೆ ಬರುವ ರಕ್ತದ ಅರ್ಬುದಕ್ಕೆ ಮುಖ್ಯವಾದ ಔಷಧಗಳಲ್ಲೊಂದು.

ಈ ಸಂಗತಿಯು ಗ್ರಾಮಾಂತರಗಳಿಗೆ ಮುಟ್ಟಿದ ಕೂಡಲೆ ಎರಡು ಪ್ರಶ್ನೆಗಳು ಏಳುವುದುಂಟು. ಎಲೆಗೆ ಇಷ್ಟು ಗುಣವಿದ್ದರೆ ಅದನ್ನು ಅರೆದು ರೋಗಿಗೆ ಕುಡಿಸಬಾರದೇಕೆ ಎಂಬುದು ಒಂದು. ಬಂಜರು ಜಮೀನಿನಲ್ಲಿ ಇದನ್ನು ಪೈರು ಮಾಡಿ ಲಾಭ ಪಡೆಯಬಾರದೇಕೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಕೊಡುವುದು ಈ ಲೇಖನದ ಉದ್ದೇಶವಾದರೂ, ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದಾದುದರಿಂದ ಅದನ್ನೇ ಮೊದಲು ವಿಚಾರಿಸುವುದು ಯುಕ್ತ. ಊರಿನಲ್ಲಿ ಮಗುವಿಗೆ ಕಾಯಿಲೆಯಾದಾಗ ತಂದೆ ತಾಯಿಗಳು ಸಲಹೆ ಕೇಳಲು ಬರುವುದು ಮುಖಂಡರ ಮತ್ತು ಅನುಕೂಲಸ್ಥರ ಮನೆಯ ಜಗಲಿಗೇ ಅಲ್ಲವೆ?

ಎಲ್ಲಕ್ಕೂ ಮುಂಚೆ ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಕಾಶಿ ಕಣಗಿಲೆಯೇ ಬೇರೆ, ಕಣಗಿಲೆಯೇ ಬೇರೆ. ಪೂಜೆಗೆ ಹೂವು ಕೊಯ್ಯುವ, ಉದ್ದವಾದ ಚೂಪು ಎಲೆಗಳುಳ್ಳ ಕಣಗಿಲೆಯ ಪೊದೆಯೂ, ಹಳದಿ ಹೂವಿನ ಕಣಗಿಲೆಯ ಮರವೂ ಹೃದಯವನ್ನು ನಿಲ್ಲಿಸತಕ್ಕ ಘೋರವಾದ ವಿಷಗಳನ್ನು ಒಳಗೊಂಡಿರುವುವು. ಅವುಗಳನ್ನು ತಿಂದು ಪ್ರಾಣ ಕಳೆದುಕೊಂಡವರ ಸಂಗತಿ ನಮ್ಮ ನಾಡಿಗೆ ಹೊಸದಲ್ಲ. ಕಾಶಿ ಕಣಗಿಲೆಯು ಇವುಗಳ ಕುಲಕ್ಕೇ ಸೇರಿದ್ದಾದರೂ ಚಿಕ್ಕ ಗಿಡ. ಅದರ ಎಲೆಯು ಮೊಟ್ಟೆಯಾಕಾರವಾಗಿ ಎರಡು ಮೂರು ಅಂಗುಲ ಉದ್ದವಿದ್ದು, ಹೊಳಪಾಗಿ, ನಡುವೆ ಬಿಳಿಯ ನರವನ್ನು ಹೊಂದಿರುವುದು. ಹೂವಿಗೆ ಚಪ್ಪಟೆಯಾದ ಐದು ದಳಗಳು. ಬಾಯಿಮಾತಿನಲ್ಲಿ ‘ಕಾಶಿ’ ಎಂಬ ಪದವು ಬಿಟ್ಟುಹೋಗಿ, ಕಣಗಿಲೆ ಎಲೆ ಒಳ್ಳೆಯದಂತೆ ಎಂದು ಒಬ್ಬರಿಂದೊಬ್ಬರಿಗೆ ಹೋದರೆ ಆಗುವ ಅನಾಹುತವನ್ನು ವಿವರಿಸಬೇಕಾದ್ದಿಲ್ಲ.

ಗಿಡದ ಮೂಲಸ್ಥಾನವು ಆಫ್ರಿಕಾ ಖಂಡದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ. ಅಲ್ಲಿಂದ ಹಡಗುಗಳ ಮೂಲಕ ಉಷ್ಣದೇಶಗಳಿಗೆಲ್ಲಾ ಹರಡಿತು. ಸಸ್ಯಶಾಸ್ತ್ರಜ್ಞರು ಹಿಂದೆ ಇದನ್ನು ವಿಂಕಾ ರೋಸಿಯಾ ಎಂದು ಕರೆಯುತ್ತಿದ್ದರು. ಈಗ ಕ್ಯಾಥರಾಂಥಸ್ ರೋಸಿಯಸ್ ಎನ್ನುತ್ತಾರೆ. ಔಷಧಗಳ ಹೆಸರಿನ ಮೊದಲಲ್ಲಿರುವ ‘ವಿನ್’ ಎಂಬುದು ಆ ಹಳೆಯ ಹೆಸರಿನ ಉಳಿಕೆ.

ಇನ್ನು ರೋಗದ ಸ್ವರೂಪ. ನಮ್ಮ ರಕ್ತದಲ್ಲಿ ಕೆಂಪು ಕಣಗಳೂ, ಬಿಳಿಯ ಕಣಗಳೂ, ರಕ್ತವನ್ನು ಹೆಪ್ಪುಗಟ್ಟಿಸುವುದಕ್ಕೆ ಸಹಾಯಕವಾದ ಅತಿ ಸಣ್ಣ ತುಣುಕುಗಳೂ ಇರುವುವು. ಇವೆಲ್ಲವೂ ಹುಟ್ಟುವುದು ಮೂಳೆಗಳೊಳಗಣ ಮಜ್ಜೆಯಲ್ಲಿ. ಬಿಳಿಯ ಕಣಗಳು ಊರಿನ ಕಾವಲುಗಾರರಂತೆ, ಹೊರಗಿನಿಂದ ಬರುವ ಸೂಕ್ಷ್ಮಜೀವಿಗಳೊಡನೆ ಹೋರಾಡತಕ್ಕವು. ತಮ್ಮ ಕೆಲಸ ಮುಗಿದ ಮೇಲೆ ಅವು ತಾವಾಗಿಯೇ ಸಾಯುವುವು. ಅವುಗಳ ಸ್ಥಾನಕ್ಕೆ ಹೊಸವು ಬರುವುವು. ರಕ್ತದ ಅರ್ಬುದದಲ್ಲಿ, ಅಂದರೆ ವೈದ್ಯರು ಲ್ಯುಕೇಮಿಯಾ ಎಂದು ಕರೆಯುವ ರೋಗದಲ್ಲಿ, ಮಜ್ಜೆಯಲ್ಲಿನ ಎಳೆಯ ಬಿಳಿಯ ಕಣವೊಂದು ಕೆಟ್ಟು, ಬಲಿತು ಕೆಲಸಕ್ಕೆ ಬಾರದೆ, ಸಾಯಬೇಕಾದ ಕಾಲಕ್ಕೆ ಸಾಯದೆ, ಒಂದು ಎರಡಾಗಿ ಎರಡು ನಾಲ್ಕಾಗಿ ವೃದ್ಧಿಯಾಗುತ್ತಾ ಹೋಗುವುದು. ಗದ್ದೆಯಲ್ಲಿ ಕಳೆ ತುಂಬಿದರೆ ಪೈರಿಗೆ ಹೇಗೆ ಎಡೆಯಿಲ್ಲವೋ ಹಾಗೆಯೇ ಮಜ್ಜೆಯಲ್ಲಿ ಒಳ್ಳೆಯ ಕಣಗಳು ಹುಟ್ಟುವುದಕ್ಕೆ ಸ್ಥಳವಿಲ್ಲದಂತಾಗುವುದು. ಕೆಂಪು ಕಣಗಳು ಕಡಿಮೆಯಾಗಿ ಮಗುವು ಬಿಳಿಚಿಕೊಳ್ಳುವುದು. ಕಾವಲಿನ ಕಣಗಳಿಲ್ಲದೆ ಜ್ವರವು ಬಿಡದಾಗುವುದು. ಹೆಪ್ಪುಗಟ್ಟಿಸುವ ತುಣುಕುಗಳಿಲ್ಲದೆ ವಸಡಿನಲ್ಲಿ ರಕ್ತ ಜಿನುಗುವುದು.

ಇಂತಹ ರೋಗಕ್ಕೆ ಕಾಶಿ ಕಣಗಿಲೆಯು ಮದ್ದಾದುದು ಯಾರೂ ಹುಡುಕಿ ಆದದ್ದಲ್ಲ. ಮತ್ತೇನನ್ನೋ ಹುಡುಕಹೊರಟಾಗ ಆದದ್ದು. ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದಲ್ಲಿ ಜನರು ಈ ಎಲೆಯ ಕಷಾಯವನ್ನು ಮಧುಮೂತ್ರ ರೋಗಕ್ಕೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಸುಮಾರು ಇಪ್ಪತ್ತೈದು ಎಲೆಗಳುಳ್ಳ ಒಂದು ಸಣ್ಣ ಪೊಟ್ಟಣವು ಕೆನಡಾ ದೇಶದ ವೈದ್ಯ ಕ್ಲಾರ್ಕ್ ನೋಬಲ್ ಎಂಬವರಿಗೆ ಬಂದಿತು. ಅವರು ಅದನ್ನು ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ಕಳುಹಿಸಿದರು. ರಾಬರ್ಟ್ ನೋಬಲ್ ಅವರು ಕಷಾಯವನ್ನು ಇಲಿಗಳ ಬಾಯಿಗೆ ಹಾಕಿ ನೋಡಿದರು. ರಕ್ತದ ಸಕ್ಕರೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬಳಿಕ ಸಾರವನ್ನು ಸೂಜಿಯ ಮೂಲಕ ಮೈಯೊಳಕ್ಕೆ ಚುಚ್ಚಿದರು. ಆಗಲೂ ಸಕ್ಕರೆಯು ಇಳಿಯಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಇಲಿಗಳು ಸೋಂಕು ತಗುಲಿ ಸತ್ತವು. ಪರೀಕ್ಷಿಸಿ ನೋಡಲಾಗಿ, ಅವುಗಳ ರಕ್ತದಲ್ಲಿ ಬಿಳಿಯ ಕಣಗಳು ಬಹಳ ಕಡಿಮೆಯಾಗಿದ್ದುದೂ, ಮಜ್ಜೆಯು ಬರಿದಾಗಿದ್ದುದೂ ಗೊತ್ತಾಯಿತು.

ಮತ್ತೊಬ್ಬರಾಗಿದ್ದರೆ ಈ ಎಲೆ ಕೆಲಸಕ್ಕೆ ಬಾರದು, ಮೇಲಾಗಿ ವಿಷ ಎಂದು ಬರೆದಿಟ್ಟು ಪೊಟ್ಟಣವನ್ನು ಎಸೆಯುತ್ತಿದ್ದರು. ನೋಬಲ್ ಅವರು ಹಾಗೆ ಮಾಡಲಿಲ್ಲ. ಬಿಳಿಯ ಕಣಗಳನ್ನು ಕೊಲ್ಲುವ ವಸ್ತುವು, ಬಿಳಿಯ ಕಣಗಳೇ ಮಿತಿಮೀರಿದ ರೋಗದಲ್ಲಿ ಪ್ರಯೋಜನಕ್ಕೆ ಬರಬಹುದಲ್ಲವೆ ಎಂದು ಯೋಚಿಸಿದರು. 1954ರಲ್ಲಿ ಅವರೊಡನೆ ಸೇರಿದ ರಸಾಯನ ಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಅವರು ಎಲೆಯ ಸಾರದಿಂದ ಆ ಒಂದು ವಸ್ತುವನ್ನು ಬೇರ್ಪಡಿಸಿ ಹರಳುಗಟ್ಟಿಸಿದರು. ಅದೇ ವಿನ್‌ಬ್ಲಾಸ್ಟಿನ್. 1958ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದ ವಿದ್ವತ್ಸಭೆಯಲ್ಲಿ ಇದನ್ನು ತಿಳಿಸಿದಾಗ, ಅಮೇರಿಕದ ಇಲೈ ಲಿಲ್ಲಿ ಕಂಪೆನಿಯವರೂ ಇದೇ ಗಿಡವನ್ನು ಇದೇ ಮಧುಮೂತ್ರದ ನಿಮಿತ್ತವಾಗಿ ಪರೀಕ್ಷಿಸುತ್ತಿದ್ದುದೂ, ಅದರ ಸಾರದಿಂದ ರಕ್ತದ ಅರ್ಬುದವಿದ್ದ ಇಲಿಮರಿಗಳ ಆಯುಸ್ಸು ಹೆಚ್ಚಿದುದೂ ಬೆಳಕಿಗೆ ಬಂದಿತು. ಆ ಕಂಪೆನಿಯ ಗಾರ್ಡನ್ ಸ್ವೊಬೋಡ ಎಂಬವರು ಅದೇ ಎಲೆಯಿಂದ ಎರಡನೆಯ ವಸ್ತುವಾದ ವಿನ್‌ಕ್ರಿಸ್ಟಿನ್ ಅನ್ನು ಬೇರ್ಪಡಿಸಿದರು. ಅಮೇರಿಕ ಸರ್ಕಾರದವರು ವಿನ್‌ಬ್ಲಾಸ್ಟಿನ್‌ಗೆ 1961ರಲ್ಲಿಯೂ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿಯೂ ಅನುಮತಿಯನ್ನಿತ್ತರು.

ಈ ವಸ್ತುವು ಕೆಟ್ಟ ಕಣವನ್ನು ಕೊಲ್ಲುವ ಬಗೆ ತಿಳಿಯತಕ್ಕದ್ದಾಗಿದೆ. ಒಂದು ಜೀವಕೋಶವು ಎರಡಾಗುವಾಗ, ತನ್ನೊಳಗಿನ ಬೀಜರೂಪವಾದ ಸಾಮಗ್ರಿಯನ್ನು ಮೊದಲು ಇಮ್ಮಡಿ ಮಾಡಿಕೊಂಡು, ಅದನ್ನು ಸರಿಪಾಲಾಗಿ ಎರಡು ಕಡೆಗೆ ಎಳೆದುಕೊಳ್ಳಬೇಕು. ಈ ಎಳೆಯುವ ಕೆಲಸಕ್ಕೆ ಅತಿ ಸೂಕ್ಷ್ಮವಾದ ದಾರಗಳು ನಡುವೆ ದಪ್ಪಗೂ ಎರಡು ತುದಿಗಳಲ್ಲಿ ಚೂಪಾಗಿಯೂ ನೂಲು ಸುತ್ತಿದ ಕದಿರಿನಂತೆ ಏರ್ಪಡುವುವು. ದಾರಗಳು ಟ್ಯೂಬುಲಿನ್ ಎಂಬ ಸಸಾರಜನಕ ವಸ್ತುವಿನ ಸಣ್ಣ ಸಣ್ಣ ಇಟ್ಟಿಗೆಗಳಿಂದ ಕಟ್ಟಲ್ಪಟ್ಟಿರುತ್ತವೆ. ವಿನ್‌ಕ್ರಿಸ್ಟಿನ್ ಆ ಇಟ್ಟಿಗೆಗಳಿಗೆ ಅಂಟಿಕೊಂಡು, ಒಂದರ ಮೇಲೊಂದು ಕೂಡದಂತೆ ಮಾಡುವುದು. ದಾರವಿಲ್ಲದೆ ಪಾಲಾಗುವುದು ಅಸಾಧ್ಯ. ಕೋಶವು ಅರ್ಧಕ್ಕೆ ನಿಂತುಬಿಡುವುದು. ಹೀಗೆ ಬಹಳ ಹೊತ್ತು ನಿಂತ ಕೋಶವು ತನ್ನೊಳಗೇ ಅಡಗಿರುವ ಮರಣದ ಏರ್ಪಾಟನ್ನು ತಾನೇ ನಡೆಯಿಸಿಕೊಂಡು, ಚೂರುಚೂರಾಗಿ ಮುದುರಿ, ನೆರೆಯ ಕೋಶಗಳಿಂದ ನುಂಗಲ್ಪಡುವುದು.

ಈ ಬಗೆಯ ಮರಣಕ್ಕೆ ಕೆರ್, ವೈಲಿ ಮತ್ತು ಕರೀ ಎಂಬ ಮೂವರು ವಿದ್ವಾಂಸರು 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಮರದಿಂದ ಎಲೆ ಉದುರುವುದೆಂದು ಅರ್ಥ. ಗಾಳಿಗೆ ಹರಿದುಬೀಳುವ ಹಸಿರೆಲೆಯಲ್ಲ. ಕಾಲ ಬಂದಾಗ ಮರವೇ ತೊಟ್ಟನ್ನು ಸಡಿಲಿಸಿ ಬೀಳಿಸುವ ಹಣ್ಣೆಲೆ. ವ್ಯವಸಾಯಗಾರರಿಗೆ ಇದಕ್ಕಿಂತ ಸುಲಭವಾದ ಉಪಮಾನವು ದೊರೆಯಲಾರದು. ಅರ್ಬುದದ ಕಣವು ಉದುರಲೊಲ್ಲದ ಎಲೆ. ಔಷಧವು ಅದನ್ನು ಉದುರುವಂತೆ ಮಾಡುವುದು.

ಆದರೆ ಔಷಧಕ್ಕೆ ಕೆಟ್ಟ ಕಣ ಯಾವುದು, ಒಳ್ಳೆಯ ಕಣ ಯಾವುದು ಎಂಬ ವಿವೇಕವಿಲ್ಲ. ಬೇಗ ಬೇಗನೆ ಎರಡಾಗುವ ಕೋಶಗಳೆಲ್ಲಾ ಅದಕ್ಕೆ ಗುರಿಯಾಗುವುವು. ಆದುದರಿಂದಲೇ ಚಿಕಿತ್ಸೆಯಲ್ಲಿರುವವರ ತಲೆಗೂದಲು ಉದುರುವುದು. ನರಗಳೊಳಗೂ ಇಂತಹದೇ ದಾರಗಳಿರುವುದರಿಂದ ಕೈಕಾಲುಗಳು ಜೋಮು ಹಿಡಿಯುವುದೂ ಮಲಬದ್ಧತೆಯೂ ಉಂಟಾಗುವುವು. ಆದಕಾರಣ ವೈದ್ಯರು ಮೈಯ ಅಳತೆಗೆ ತಕ್ಕಂತೆ ಲೆಕ್ಕ ಹಾಕಿ, ಸಾಧಾರಣವಾಗಿ ಒಂದು ಸಲಕ್ಕೆ ಎರಡು ಮಿಲಿಗ್ರಾಂ ಮೀರದಂತೆ, ರಕ್ತನಾಳದ ಮೂಲಕ ಮಾತ್ರವೇ ಕೊಡುತ್ತಾರೆ. ಎರಡು ಮಿಲಿಗ್ರಾಂ ಎಂದರೆ ಒಂದು ಗ್ರಾಮಿನ ಐನೂರರಲ್ಲಿ ಒಂದು ಪಾಲು. ಇದೇ ಔಷಧವು ತಪ್ಪಿ ಬೆನ್ನುಹುರಿಯ ನೀರಿನೊಳಗೆ ಸೇರಿದರೆ ಪ್ರಾಣವನ್ನೇ ತೆಗೆಯುವುದು.

ಈಗ ಎಲೆಯನ್ನು ಅರೆದು ಕುಡಿಸುವ ಪ್ರಶ್ನೆಗೆ ಬರೋಣ. ಕಾಶಿ ಕಣಗಿಲೆಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಕ್ಷಾರಸತ್ತ್ವಗಳಿವೆ. ಸಿಂಕೋನದ ಕ್ವಿನೈನ್, ಗಸಗಸೆ ಗಿಡದ ಮಾರ್ಫೀನ್ ಇದ್ದಂತೆ. ಅರ್ಬುದಕ್ಕೆ ಔಷಧವಾಗತಕ್ಕವು ಅವುಗಳಲ್ಲಿ ಎರಡೇ ಎರಡು, ಅವೂ ಅತ್ಯಲ್ಪ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ದೊರೆಯಬೇಕಾದರೆ ಸುಮಾರು 500 ಕಿಲೋಗ್ರಾಂ ಒಣಗಿದ ಎಲೆ ಬೇಕಾಗುವುದು. ವಿನ್‌ಕ್ರಿಸ್ಟಿನ್ ಅದಕ್ಕಿಂತಲೂ ವಿರಳ. ಹಿಡಿ ಎಲೆಯ ಕಷಾಯದಲ್ಲಿ ರೋಗಕ್ಕೆ ನಾಟುವಷ್ಟು ಔಷಧವಿರುವುದು ಹೇಗೆ? ಇದ್ದ ಅಲ್ಪವೂ ಬಾಯಿಯ ಮೂಲಕ ಹೋದರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನೋಬಲ್ ಅವರ ಇಲಿಗಳು ಕಷಾಯ ಕುಡಿದು ಏನೂ ಆಗದೆ, ಚುಚ್ಚಿಸಿಕೊಂಡು ಸತ್ತುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು.

ಹಾಗಾದರೆ ಗುಣವಿಲ್ಲದಿದ್ದರೂ ದೋಷವಿಲ್ಲವಷ್ಟೆ, ಕೊಟ್ಟು ನೋಡೋಣ ಎಂದು ಕೆಲವರು ವಾದಿಸಬಹುದು. ಈ ವಾದವು ಸರಿಯಲ್ಲ. ಉಳಿದ ನೂರು ಸತ್ತ್ವಗಳು ಕಷಾಯದಲ್ಲಿ ಜೊತೆಗೂಡಿಯೇ ಬರುವುವು. ಅವುಗಳಲ್ಲಿ ರಕ್ತದ ಒತ್ತಡವನ್ನು ಇಳಿಸತಕ್ಕವೂ ಉಂಟು. ಎಲೆಯಿಂದೆಲೆಗೆ, ಗಿಡದಿಂದ ಗಿಡಕ್ಕೆ, ಮಳೆಗಾಲದಿಂದ ಬೇಸಗೆಗೆ ಅವುಗಳ ಪ್ರಮಾಣ ಬದಲಾಗುವುದರಿಂದ ನಿನ್ನೆ ತಡೆದದ್ದು ಇಂದು ತಡೆಯುವುದೆಂಬ ನಂಬಿಕೆಯಿಲ್ಲ. ಚಿಕಿತ್ಸೆಯಲ್ಲಿರುವ ಮಗುವಿಗೆ ಕಾವಲಿನ ಕಣಗಳು ಕಡಿಮೆಯಾಗಿರುವಾಗ, ಅಂಗಳದ ಹಸಿ ಎಲೆಯ ರಸದೊಡನೆ ಹೋಗುವ ಸೂಕ್ಷ್ಮಜೀವಿಗಳೇ ಪ್ರಾಣಾಪಾಯಕ್ಕೆ ಸಾಕು. ಇವೆಲ್ಲಕ್ಕಿಂತ ದೊಡ್ಡ ಹಾನಿಯೆಂದರೆ ಕಾಲದ ಹಾನಿ. ಎಲೆಯನ್ನು ಪರೀಕ್ಷಿಸುತ್ತಾ ಕಳೆದ ಒಂದು ತಿಂಗಳಿನಲ್ಲಿ ರೋಗವು ಸುಮ್ಮನಿರುವುದಿಲ್ಲ.

ವೃತ್ತಪತ್ರಿಕೆಗಳಲ್ಲಿ ಇಂತಿಂತಹ ಸೊಪ್ಪಿನ ಸಾರವು ರಕ್ತದ ಅರ್ಬುದದ ಕಣಗಳನ್ನು ಕೊಂದಿತು ಎಂಬ ವರ್ತಮಾನಗಳು ಆಗಾಗ್ಗೆ ಬರುತ್ತಿರುವುದರಿಂದ ಅವುಗಳನ್ನು ಓದುವ ಕ್ರಮವನ್ನೂ ಹೇಳುವುದು ಅವಶ್ಯ. ರೋಗಿಯಿಂದ ತೆಗೆದ ಕೆಟ್ಟ ಕಣಗಳನ್ನು ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ವರ್ಷಾನುಗಟ್ಟಲೆ ಸಾಕಿ ಬೆಳೆಯಿಸುವ ಪದ್ಧತಿಯುಂಟು. ಆ ಬಟ್ಟಲಿಗೆ ಸೊಪ್ಪಿನ ಸಾರವನ್ನು ಹಾಕಿ, ಕಣಗಳೆಷ್ಟು ಸತ್ತುವೆಂದು ಎಣಿಸುತ್ತಾರೆ. ಸಾರಾಯಿಯನ್ನು ಹೊಯ್ದರೂ ಅವು ಸಾಯುವುವು, ಸಾಬೂನಿನ ನೀರನ್ನು ಹೊಯ್ದರೂ ಸಾಯುವುವು. ಆದುದರಿಂದ ಸತ್ತುವೆಂಬುದು ಮೊದಲನೆಯ ಮೆಟ್ಟಿಲು ಮಾತ್ರ. ಒಳ್ಳೆಯ ಕಣಗಳು ಉಳಿದುವೇ, ಮೈಯೊಳಗೆ ಅಷ್ಟು ಪ್ರಮಾಣವನ್ನು ಅಪಾಯವಿಲ್ಲದೆ ತುಂಬಬಹುದೇ, ಪಿತ್ತಜನಕಾಂಗವು ಅದನ್ನು ತಕ್ಷಣವೇ ಒಡೆದುಹಾಕುವುದೇ, ಪ್ರಾಣಿಗಳಲ್ಲಿ ಏನಾಯಿತು, ಬಳಿಕ ಮನುಷ್ಯರಲ್ಲಿ ಏನಾಯಿತು ಎಂಬ ಮೆಟ್ಟಿಲುಗಳು ಇನ್ನೂ ಮುಂದಿರುತ್ತವೆ. ಅಮೇರಿಕದ ರಾಷ್ಟ್ರೀಯ ಅರ್ಬುದ ಸಂಸ್ಥೆಯವರು 1960ರಿಂದ 1982ರ ವರೆಗೆ ಸುಮಾರು 35,000 ಜಾತಿಯ ಸಸ್ಯಗಳನ್ನು ಹೀಗೆ ಪರೀಕ್ಷಿಸಿದರು. ಕೊನೆಗೆ ಔಷಧವಾಗಿ ನಿಂತವು ಬೆರಳಿನಲ್ಲಿ ಎಣಿಸುವಷ್ಟು.

ಹಾಗೆಂದು ಸಸ್ಯಗಳಿಂದ ಪ್ರಯೋಜನವಿಲ್ಲವೆಂದು ಅರ್ಥವಲ್ಲ. ಚೀಣಾ ದೇಶದ ಸೆಫಲೋಟ್ಯಾಕ್ಸಸ್ ಎಂಬ ಮರದ ಸತ್ತ್ವಕ್ಕೆ, ಒಂದು ಬಗೆಯ ರಕ್ತದ ಅರ್ಬುದದ ಚಿಕಿತ್ಸೆಗಾಗಿ, 2012ರಲ್ಲಿ ಅಮೇರಿಕದಲ್ಲಿ ಅನುಮತಿ ದೊರೆಯಿತು. ಹಿಮಾಲಯದಲ್ಲಿಯೂ ಅಮೇರಿಕದಲ್ಲಿಯೂ ಬೆಳೆಯುವ ಪೊಡೊಫಿಲಮ್ ಗಿಡದ ಬೇರಿನ ಸತ್ತ್ವವನ್ನು ಮಾರ್ಪಡಿಸಿ ಎಟೊಪೊಸೈಡ್ ಎಂಬ ಔಷಧವನ್ನು ಮಾಡಿದ್ದಾರೆ. ಇವೆಲ್ಲದರಲ್ಲಿಯೂ ಗಿಡದಿಂದ ರೋಗಿಯ ವರೆಗಿನ ದಾರಿಯು ಪ್ರಯೋಗಶಾಲೆಯ ಮೂಲಕವೇ ಹಾದುಹೋಗಿರುವುದನ್ನು ಗಮನಿಸಬೇಕು. ಅಡಿಗೆಮನೆಯ ಮೂಲಕ ಹಾದುಹೋದ ಒಂದು ನಿದರ್ಶನವೂ ಇಲ್ಲ.

ಗ್ರಾಮದ ಮುಖಂಡರು ಮಾಡತಕ್ಕದ್ದೇನೆಂದರೆ: ಮಗುವಿಗೆ ವಾರಗಟ್ಟಲೆ ಬಿಡದ ಜ್ವರ, ದಿನದಿನಕ್ಕೆ ಹೆಚ್ಚುವ ಬಿಳಿಚಿಕೆ, ಪೆಟ್ಟಿಲ್ಲದೆ ಮೈಮೇಲೆ ಏಳುವ ನೀಲಿ ಕಲೆ, ವಸಡಿನ ಅಥವಾ ಮೂಗಿನ ರಕ್ತ, ಕುತ್ತಿಗೆ ಕಂಕುಳಲ್ಲಿ ಗೆಡ್ಡೆ, ನಡೆಯಲೊಲ್ಲದಷ್ಟು ಮೂಳೆನೋವು, ಇವುಗಳಲ್ಲಿ ಎರಡು ಮೂರು ಕೂಡಿ ಕಂಡರೆ ಮಂತ್ರ ತಾಯಿತಗಳಲ್ಲಿ ದಿನಗಳೆಯಲು ಬಿಡದೆ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಈ ಚಿಹ್ನೆಗಳು ಬೇರೆ ಕಾಯಿಲೆಗಳಲ್ಲಿಯೂ ಇರಬಹುದು; ನಿಶ್ಚಯಿಸುವುದು ವೈದ್ಯರ ಕೆಲಸ. ಅರ್ಬುದವೆಂದು ತೀರ್ಮಾನವಾದರೆ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯೇ ಮೊದಲಾದ ಆಸ್ಪತ್ರೆಗಳುಂಟು. ಬಡವರ ಖರ್ಚಿಗೆ ಸಹಾಯವಾಗತಕ್ಕ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಪ್ರಾರಂಭವಾಗಿದೆ. ಅದರ ಕಾಗದಪತ್ರಗಳನ್ನು ಸಕಾಲದಲ್ಲಿ ಒದಗಿಸಿಕೊಡುವುದು ಅಕ್ಷರ ಬಲ್ಲವರು ಮಾಡಬಹುದಾದ ಉಪಕಾರ.

ಇನ್ನೊಂದು ಸಂಗತಿಯನ್ನು ಮುಖಂಡರು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಮಕ್ಕಳ ರಕ್ತದ ಅರ್ಬುದಗಳಲ್ಲಿ ಹೆಚ್ಚು ಸಾಧಾರಣವಾದುದಕ್ಕೆ ವಿನ್‌ಕ್ರಿಸ್ಟಿನ್ ಅನ್ನು ಬೇರೆ ಔಷಧಗಳೊಡನೆ ಸೇರಿಸಿ ಕೊಟ್ಟರೆ, ಸಾಮಾನ್ಯವಾಗಿ ಸುಮಾರು ಒಂದು ತಿಂಗಳಿನಲ್ಲಿಯೇ ರಕ್ತದಲ್ಲಿ ಕೆಟ್ಟ ಕಣಗಳು ಕಾಣದಂತಾಗುವುವು. ಮಗುವು ಎದ್ದು ಆಡುವುದು, ಉಣ್ಣುವುದು. ತಂದೆ ತಾಯಿಗಳು ವಾಸಿಯಾಯಿತೆಂದು ಊರಿಗೆ ಕರೆತಂದುಬಿಡುವುದು ಈ ಹಂತದಲ್ಲಿಯೇ. ಕೂಲಿ ಹೋಯಿತು, ಬಸ್ಸಿನ ಖರ್ಚು ಹೆಚ್ಚಾಯಿತು, ಸುಗ್ಗಿ ಬಂದಿತು ಎಂಬ ಕಾರಣಗಳೂ ಕೂಡಿಕೊಳ್ಳುವುವು. ಆದರೆ ಮೇಲಿನ ಕಳೆ ಹೋದರೂ ಗರಿಕೆಯ ಗೆಡ್ಡೆ ಮಣ್ಣಿನಲ್ಲಿ ಉಳಿದಿರುವಂತೆ ಮಜ್ಜೆಯ ಆಳದಲ್ಲಿ ಕೆಲವು ಕಣಗಳು ಉಳಿದಿರುತ್ತವೆ. ಆದುದರಿಂದ ಚಿಕಿತ್ಸೆಯು ಎರಡರಿಂದ ಮೂರು ವರ್ಷಗಳ ವರೆಗೆ ನಡೆಯಬೇಕು. ನಡುವೆ ನಿಲ್ಲಿಸಿದರೆ ರೋಗವು ಮರುಕಳಿಸುವುದು. ಮರುಕಳಿಸಿದ್ದನ್ನು ಗೆಲ್ಲುವುದು ಮೊದಲಿನಷ್ಟು ಸುಲಭವಲ್ಲ. 1950ಕ್ಕೆ ಮುಂಚೆ ಈ ರೋಗ ತಗುಲಿದ ಮಕ್ಕಳಲ್ಲಿ ಬದುಕಿದವರು ಇಲ್ಲವೆಂದೇ ಹೇಳಬಹುದು. ಈಗ ಚಿಕಿತ್ಸೆಯನ್ನು ಪೂರ್ತಿಯಾಗಿ ನಡೆಸುವ ಸೌಕರ್ಯವಿರುವ ದೇಶಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಿದ್ದಾರೆ. ಅರ್ಧಕ್ಕೆ ಬಿಡುವುದು ನಮ್ಮ ದೇಶದಲ್ಲಿ ಸೋಲಿಗೆ ದೊಡ್ಡ ಕಾರಣಗಳಲ್ಲೊಂದು. ಇದು ವೈದ್ಯರ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಊರಿನವರ ಕೈಯಲ್ಲಿದೆ. ಆಸ್ಪತ್ರೆಯವರು ಹೇಳಿದ ತಾರೀಖಿಗೆ ಸರಿಯಾಗಿ ಮಗುವನ್ನು ಕಳುಹಿಸುವ ಜವಾಬ್ದಾರಿಯನ್ನೂ, ಆ ದಿನಗಳಲ್ಲಿ ಆ ಮನೆಯ ಹೊಲದ ಕೆಲಸವನ್ನೂ ಯಾರಾದರೂ ವಹಿಸಿಕೊಂಡರೆ ಎಷ್ಟೋ ಅನುಕೂಲ.

ಎರಡನೆಯ ಪ್ರಶ್ನೆಯು ಬೇಸಾಯದ್ದು. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿಯೂ, ಕರ್ನಾಟಕ, ಆಂಧ್ರ ಮೊದಲಾದ ರಾಜ್ಯಗಳ ಕೆಲವು ಭಾಗಗಳಲ್ಲಿಯೂ ಇದನ್ನು ಪೈರು ಮಾಡಿದ್ದುಂಟು. ಎಲೆಯು ಅರ್ಬುದದ ಔಷಧಕ್ಕೆ, ಬೇರು ಅಜ್ಮಲಿಸಿನ್ ಎಂಬ, ರಕ್ತಸಂಚಾರಕ್ಕೆ ಸಂಬಂಧಿಸಿದ ಔಷಧಕ್ಕೆ. ಮರಳುಗೋಡು, ಜಂಬಿಟ್ಟಿಗೆ ನೆಲ ಮುಂತಾದ ನೀರು ನಿಲ್ಲದ ಯಾವ ಭೂಮಿಯಾದರೂ ಆದೀತು. ಚೌಳು ನೆಲವೂ ನೀರು ನಿಲ್ಲುವ ತಗ್ಗೂ ಆಗವು. ಬೀಜವು ಬಹು ಸಣ್ಣದು, ಕಪ್ಪು ಬಣ್ಣದ್ದು. ಹಳೆಯ ಬೀಜ ಮೊಳೆಯುವುದು ಕಡಿಮೆಯಾದ್ದರಿಂದ ಆ ವರ್ಷದ್ದನ್ನೇ ತರಬೇಕು. ನೇರವಾಗಿ ಬಿತ್ತುವುದಾದರೆ ಎಕರೆಗೆ ಸುಮಾರು ಒಂದು ಕಿಲೋಗ್ರಾಂ ಬೀಜವನ್ನು ಹತ್ತರಷ್ಟು ಮರಳಿನೊಡನೆ ಬೆರೆಸಿ, ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ಅಂತರದ ಸಾಲುಗಳಲ್ಲಿ ಬಿತ್ತಿ ತೆಳುವಾಗಿ ಮಣ್ಣು ಮುಚ್ಚತಕ್ಕದ್ದು. ಪಾತಿಯಲ್ಲಿ ಸಸಿ ಬೆಳೆಸುವುದಾದರೆ 200 ಗ್ರಾಂ ಸಾಕು. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಪಾತಿಗೆ ಹಾಕಿದರೆ ಎರಡು ತಿಂಗಳ ಸಸಿಯು ಮಳೆಗೆ ಸರಿಯಾಗಿ ನಾಟಿಗೆ ಬರುವುದು. ಸಾಲಿನಲ್ಲಿ ಗಿಡಕ್ಕೂ ಗಿಡಕ್ಕೂ ಒಂದಡಿ ಇರಲಿ. ಎಕರೆಗೆ ಆರು ಟನ್ನಿನಷ್ಟು ಕೊಟ್ಟಿಗೆ ಗೊಬ್ಬರವನ್ನು ಮೊದಲೇ ಉತ್ತು ಸೇರಿಸಬೇಕು. ಎರಡು ಸಲ ಕಳೆ ತೆಗೆಯಬೇಕು.

ಬಿತ್ತಿದ ಆರನೆಯ ತಿಂಗಳಿಗೊಮ್ಮೆ, ಒಂಬತ್ತನೆಯ ತಿಂಗಳಿಗೊಮ್ಮೆ ಎಲೆ ಬಿಡಿಸಬಹುದು. ಹನ್ನೆರಡನೆಯ ತಿಂಗಳಿಗೆ ಗಿಡವನ್ನು ನೆಲದಿಂದ ಮೂರಂಗುಲ ಮೇಲಕ್ಕೆ ಕೊಯ್ದು, ಎಲೆ ಕಾಂಡಗಳನ್ನು ನೆರಳಿನಲ್ಲಿ ಒಣಗಿಸಿ, ನೆಲಕ್ಕೆ ನೀರು ಕೊಟ್ಟು ಹದ ಬಂದಾಗ ಉತ್ತು ಬೇರನ್ನು ಆಯ್ದು ತೊಳೆದು ಒಣಗಿಸತಕ್ಕದ್ದು. ಮಳೆಯಾಶ್ರಯದಲ್ಲಿ ಎಕರೆಗೆ ಸುಮಾರು 800 ಕಿಲೋಗ್ರಾಂ ಒಣ ಎಲೆಯೂ 300 ಕಿಲೋಗ್ರಾಂ ಬೇರೂ ಬರಬಹುದು. ನೀರಾವರಿಯಲ್ಲಿ ಹೆಚ್ಚು ಕಡಿಮೆ ಇದರ ಇಮ್ಮಡಿ. ಮಳೆಗಾಲದಲ್ಲಿ ತುದಿಯಿಂದ ಒಣಗುತ್ತಾ ಬರುವ ರೋಗವೊಂದುಂಟು. ಲಕ್ನೋ ನಗರದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯವರ ‘ನಿರ್ಮಲ್’ ಎಂಬ ಬಿಳಿಹೂವಿನ ತಳಿಯು ಇದನ್ನು ತಡೆಯತಕ್ಕದ್ದು. ಎಲೆಗಳು ಸಣ್ಣಗಾಗಿ ಹೂವೇ ಎಲೆಯಂತಾಗುವ ಗಿಡಗಳನ್ನು ಕಂಡ ಕೂಡಲೆ ಕಿತ್ತು ಸುಡಬೇಕು. ಜಿಗಿಹುಳುಗಳು ಈ ರೋಗವನ್ನು ಹರಡುವುವು.

ಬೆಳೆಯುವುದು ಸುಲಭ, ಮಾರುವುದು ಕಷ್ಟ. ರಾಗಿ ಉಳಿದರೆ ಮನೆಯವರು ಉಣ್ಣಬಹುದು. ಹುರುಳಿ ಉಳಿದರೆ ದನಗಳಿಗೆ ಹಾಕಬಹುದು. ಕಾಶಿ ಕಣಗಿಲೆಯ ಎಲೆ ಉಳಿದರೆ ತಿಪ್ಪೆಗೆ ಹೊರತು ಬೇರೆ ದಾರಿಯಿಲ್ಲ. ಕೊಳ್ಳತಕ್ಕವರು ಸಾರ ತೆಗೆಯುವ ಕೆಲವೇ ಕಾರ್ಖಾನೆಯವರು ಮತ್ತು ಅವರ ವರ್ತಕರು. ಸತ್ತ್ವದ ಪ್ರಮಾಣವು ಕಡಿಮೆಯೆಂದು ಮಾಲನ್ನು ನಿರಾಕರಿಸುವ ಅವಕಾಶವೂ ಅವರಿಗೇ ಇರುವುದು. ಇದಲ್ಲದೆ 2022ರಲ್ಲಿ ವಿಜ್ಞಾನಿಗಳು, ಹಿಟ್ಟನ್ನು ಹುದುಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಕಾಶಿ ಕಣಗಿಲೆಯ ಗುಣಗಳನ್ನು ಸೇರಿಸಿ, ವಿನ್‌ಬ್ಲಾಸ್ಟಿನ್‌ಗೆ ಬೇಕಾದ ವಿಂಡೊಲಿನ್ ಮತ್ತು ಕ್ಯಾಥರಾಂಥಿನ್ ಎಂಬ ಎರಡು ಭಾಗಗಳನ್ನು ಪ್ರಯೋಗಶಾಲೆಯಲ್ಲಿ ಉತ್ಪತ್ತಿ ಮಾಡಿ ತೋರಿಸಿದ್ದಾರೆ. ಅದು ಕಾರ್ಖಾನೆಯ ಮಟ್ಟಕ್ಕೆ ಬಂದರೆ ಎಲೆಯ ಬೇಡಿಕೆಗೆ ಕುಂದುಂಟಾಗುವುದು ಸ್ಪಷ್ಟ. ಆದುದರಿಂದ ಕೊಳ್ಳುವವರಿಂದ ದರ, ತೂಕ, ತೇವಾಂಶ, ಹಣ ಸಲ್ಲಿಸುವ ತಾರೀಖು ಇವೆಲ್ಲವನ್ನೂ ಕಾಗದದ ಮೇಲೆ ಬರೆಯಿಸಿಕೊಳ್ಳದೆ ಒಂದು ಗುಂಟೆಯನ್ನೂ ಬಿತ್ತತಕ್ಕದ್ದಲ್ಲ. ಬರೆದುಕೊಟ್ಟರೂ ಮೊದಲನೆಯ ವರ್ಷ ಅರ್ಧ ಎಕರೆಗೆ ಮೀರದಿರುವುದು ಲೇಸು. ರಾಗಿಯ ಹೊಲವನ್ನು ಇದಕ್ಕಾಗಿ ಬಿಡುವುದು ನಮ್ಮ ಅಭಿಪ್ರಾಯದಲ್ಲಿ ಯೋಗ್ಯವಲ್ಲ.

ಎಲೆ ಬಿಡಿಸುವ ಆಳುಗಳು ಕೈ ತೊಳೆಯದೆ ಊಟಕ್ಕೆ ಕೂರದಂತೆ ನೋಡಿಕೊಳ್ಳಬೇಕು. ಗರ್ಭಿಣಿಯರನ್ನೂ ಮಕ್ಕಳನ್ನೂ ಈ ಕೆಲಸಕ್ಕೆ ಹಚ್ಚಬಾರದು. ಒಣಗಿದ ಎಲೆಯ ಮೂಟೆಗಳನ್ನು ದವಸದ ಕೋಣೆಯಲ್ಲಿಯೂ ಹುಲ್ಲಿನ ಬಣವೆಯ ಹತ್ತಿರವೂ ಇಡದೆ ಬೇರೆ ಇಟ್ಟು, ಮೂಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಕಾಶಿ ಕಣಗಿಲೆ, ತಿನ್ನತಕ್ಕದ್ದಲ್ಲ’ ಎಂದು ಬರೆಯಿಸತಕ್ಕದ್ದು. ತಳಿ ಮತ್ತು ಬೇಸಾಯಕ್ಕೆ ಸಂಬಂಧಿಸಿದ ವಿವರಗಳನ್ನು ಮೇಲೆ ಹೇಳಿದ ಲಕ್ನೋ ಸಂಸ್ಥೆಯ ಬೆಂಗಳೂರಿನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.